ಕರೆನ್ಸಿ ವಹಿವಾಟಿನ ಮೊದಲ ಪಾಠವೂ ಒಂದೇ ಕುಕ್ಕರಿನ ಕೋಳಿ ಬಾತೂ

ವಿದ್ಯಾನಗರದ ಬಾಡಿಗೆದಾರ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಎರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳುತ್ತಿರುವುದಕ್ಕೆ ಕ್ಷಮೆ ಇರಲಿ. ನನ್ನ ದಿನಚರಿಯಲ್ಲಿ ಅವೆರಡೂ ಒಂದೇ ಗಂಟೆಯೊಳಗೆ ಬರುತ್ತವೆ.

ಮೊದಲನೆಯದು, ಡಾಲರ್, ಯೂರೋ ಮುಂತಾದ ಕರೆನ್ಸಿಗಳ ವಹಿವಾಟನ್ನು ಕಲಿಯಬೇಕೆಂದು ಆರು ತಿಂಗಳಿಂದ ಮನಸ್ಸಿನಲ್ಲಿದೆ. ಇದಕ್ಕಾಗಿ 20,000 ರೂಪಾಯಿ ಬೇರೆಯಾಗಿ ಎತ್ತಿಟ್ಟಿದ್ದೇನೆ. ಮೊಬೈಲಿನಲ್ಲಿ ಒಂದು ಆ್ಯಪ್ ಪದೇ ಪದೇ ಕಾಣಿಸಿಕೊಳ್ಳುತ್ತಿದೆ. ಹತ್ತು ಸಾವಿರ ಹಾಕಿದರೆ ಐವತ್ತು ಲಕ್ಷದಷ್ಟು ವಹಿವಾಟು ಮಾಡಬಹುದು ಎನ್ನುತ್ತದೆ. ಇದನ್ನು ನಂಬಬಹುದೇ? ಎರಡನೆಯದು, ಕೊಠಡಿಯಲ್ಲಿ ನಾವು ಮೂವರಿದ್ದೇವೆ, ಬುಧವಾರ ಮತ್ತು ಭಾನುವಾರ ಅಡುಗೆ ನನ್ನ ಪಾಳಿ. ಏಳೂವರೆಗೆ ಮನೆಗೆ ಬಂದವನು ಒಂದೇ ಪಾತ್ರೆಯಲ್ಲಿ ಕೋಳಿಯೂಟ ಮುಗಿಸಿ, ಅದು ಬೇಯುವಷ್ಟರಲ್ಲಿ ಒಂದಿಷ್ಟು ಓದಿಕೊಳ್ಳುವಂತಹ ವಿಧಾನವನ್ನು ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ. ಒಂದು ಒಲೆ, ಐದು ಲೀಟರಿನ ಒಂದು ಕುಕ್ಕರು, ಒಂದು ಬಾಣಲೆ, ಇಷ್ಟೇ ನಮ್ಮ ಆಸ್ತಿ.

ಮಂಡಿಪೇಟೆಯ ಲೆಕ್ಕಿಗ

ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಅಡುಗೆಯ ವಿಷಯದಲ್ಲಿ ನನಗೆ ಬಡಿಸಿದ್ದನ್ನು ಉಣ್ಣುವ ಅಧಿಕಾರ ಮಾತ್ರ ಇದೆ.

ಕರೆನ್ಸಿಯನ್ನು ಯಾವಾಗಲೂ ಜೋಡಿಯಾಗಿಯೇ ಕೊಳ್ಳುತ್ತೇವೆ, ಜೋಡಿಯಾಗಿಯೇ ಮಾರುತ್ತೇವೆ. ಡಾಲರ್–ರೂಪಾಯಿ ಜೋಡಿಯ ದರ 85.25 ಎಂದಿದ್ದರೆ ಒಂದು ಡಾಲರಿಗೆ 85 ರೂಪಾಯಿ 25 ಪೈಸೆ ಎಂದರ್ಥ. ಡಾಲರ್ ಏರುತ್ತದೆ ಎಂದು ನಿಮಗೆ ಅನ್ನಿಸಿದರೆ ಆ ಜೋಡಿಯನ್ನು ಕೊಳ್ಳುತ್ತೀರಿ, ಇಳಿಯುತ್ತದೆ ಎನ್ನಿಸಿದರೆ ಮಾರುತ್ತೀರಿ. ನಮ್ಮ ದೇಶದಲ್ಲಿ ಇದರ ವಿನಿಮಯ ಕೇಂದ್ರದ ವಹಿವಾಟು 2008ರ ಆಗಸ್ಟ್ 29ರಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವಾದ ಎನ್‌ಎಸ್‌ಇಯಲ್ಲಿ ಡಾಲರ್–ರೂಪಾಯಿ ಫ್ಯೂಚರ್ಸ್ (ಮುಂದಿನ ಒಂದು ದಿನಕ್ಕೆ ಈಗಲೇ ದರ ಗೊತ್ತುಮಾಡಿಕೊಳ್ಳುವ ಒಪ್ಪಂದ) ಮೂಲಕ ಶುರುವಾಯಿತು; ಯೂರೋ, ಪೌಂಡ್ ಮತ್ತು ಯೆನ್ 2010ರಲ್ಲಿ ಸೇರಿದವು. ಒಂದು ಲಾಟ್ ಎಂದರೆ 1,000 ಡಾಲರ್. ಯೆನ್ ಮಾತ್ರ 1,00,000. ದರವು ಕದಲುವ ಅತಿ ಚಿಕ್ಕ ಹೆಜ್ಜೆಗೆ ಟಿಕ್ ಎನ್ನುತ್ತಾರೆ, ಅದು 0.0025 ರೂಪಾಯಿ, ಅಂದರೆ ಕಾಲು ಪೈಸೆ. ಸಾವಿರ ಡಾಲರಿನ ಲಾಟಿಗೆ ಒಂದು ಟಿಕ್ ಎಂದರೆ ಎರಡೂವರೆ ರೂಪಾಯಿ.

ನೀವು ಲೆಕ್ಕ ಬರೆಯುವವರಾದ್ದರಿಂದ ಇದನ್ನು ಕಾಗದದ ಮೇಲೆ ಹಾಕಿ ನೋಡಿ. 85.25ಕ್ಕೆ ಒಂದು ಲಾಟ್ ಕೊಂಡು 85.40ಕ್ಕೆ ಮಾರಿದಿರಿ ಎನ್ನೋಣ. ವ್ಯತ್ಯಾಸ 15 ಪೈಸೆ. 1,000ದಿಂದ ಗುಣಿಸಿದರೆ 150 ರೂಪಾಯಿ. ನೀವು ಕೈಯಾಡಿಸಿದ ಒಪ್ಪಂದದ ಮೌಲ್ಯವು 85,250 ರೂಪಾಯಿ, ಆದರೆ ಬ್ರೋಕರಿನ ಬಳಿ ಇಟ್ಟ ಮಾರ್ಜಿನ್, ಅಂದರೆ ಭದ್ರತೆಯ ಹಣ, ಅದರ ಕೆಲವೇ ಶೇಕಡಾ. ಮೂರು ಶೇಕಡಾ ಎಂದು ಹಿಡಿದರೆ ಸುಮಾರು 2,560. ಹದಿನೈದು ಪೈಸೆಯ ಅಲುಗಾಟಕ್ಕೆ ನಿಮ್ಮ ಹಣದ ಮೇಲೆ ಸುಮಾರು ಆರು ಶೇಕಡಾ ಲಾಭ ಬಂದಿತು. ಅದೇ ಹದಿನೈದು ಪೈಸೆ ಕೆಳಕ್ಕೆ ಹೋಗಿದ್ದರೆ ಆರು ಶೇಕಡಾ ಹೋಗುತ್ತಿತ್ತು. ಲೆವರೇಜ್ ಎಂಬುದು ಇಷ್ಟೇ. ಆ್ಯಪಿನವರು ಹೇಳುವ ಐದುನೂರು ಪಟ್ಟಿನ ಲೆವರೇಜಿಗೆ ಈ ಗಣಿತವನ್ನೇ ಹಾಕಿ: ಹತ್ತು ಸಾವಿರಕ್ಕೆ ಐವತ್ತು ಲಕ್ಷ. ಐವತ್ತು ಲಕ್ಷದ 0.2 ಶೇಕಡಾ ಎಷ್ಟು? ಹತ್ತು ಸಾವಿರ. ಯೂರೋ–ಡಾಲರ್ ಜೋಡಿ ಒಂದು ಮಧ್ಯಾಹ್ನದಲ್ಲಿ ಅಷ್ಟು ಕದಲುವುದು ಅಪರೂಪವೇನೂ ಅಲ್ಲ. ನೀವು ಚಹಾ ಕುಡಿದು ಲೋಟ ತೊಳೆದಿಡುವಷ್ಟರಲ್ಲಿ ಖಾತೆ ಬರಿದಾಗಿರಬಹುದು.

ಇನ್ನು ಕಾನೂನು. ನಿವಾಸಿ ಭಾರತೀಯರ ವಿದೇಶಿ ವಿನಿಮಯವೆಲ್ಲ 1999ರ ಫೆಮಾ ಕಾಯಿದೆಯ ಕೆಳಗೆ ಬರುತ್ತದೆ. ಆರ್‌ಬಿಐ ಅನುಮತಿ ಪಡೆದ ವೇದಿಕೆಗಳಲ್ಲಿ ಅಥವಾ ಮಾನ್ಯತೆ ಪಡೆದ ವಿನಿಮಯ ಕೇಂದ್ರಗಳಲ್ಲಿ ಮಾತ್ರ ನಾವು ವಹಿವಾಟು ಮಾಡಬಹುದು. ವಿದೇಶಿ ಆ್ಯಪಿಗೆ ಮಾರ್ಜಿನ್ ಎಂದು ಹಣ ಕಳುಹಿಸುವುದಕ್ಕೆ ವ್ಯಕ್ತಿಗಳು ವಿದೇಶಕ್ಕೆ ಹಣ ಕಳುಹಿಸಲೆಂದು ಇರುವ, ವರ್ಷಕ್ಕೆ 2,50,000 ಡಾಲರ್ ಮಿತಿಯ ಉದಾರೀಕೃತ ರವಾನೆ ಯೋಜನೆಯಲ್ಲಿಯೂ ಅವಕಾಶವಿಲ್ಲ. ಅನುಮತಿಯಿಲ್ಲದ ವೇದಿಕೆಗಳ ಎಚ್ಚರಿಕೆ ಪಟ್ಟಿಯನ್ನು ಆರ್‌ಬಿಐ 2022ರ ಸೆಪ್ಟೆಂಬರಿನಲ್ಲಿ 34 ಹೆಸರುಗಳೊಂದಿಗೆ ಹೊರಡಿಸಿ, ಆಮೇಲೆ ಬೆಳೆಸುತ್ತ ಬಂದಿದೆ. ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಆ ಆ್ಯಪಿಗೆ ಅನುಮತಿ ಇದೆ ಎಂದು ತಿಳಿಯಬಾರದೆಂದೂ ಅದೇ ಬ್ಯಾಂಕು ಹೇಳಿದೆ. ಉಲ್ಲಂಘನೆಯ ಮೊತ್ತ ಲೆಕ್ಕಕ್ಕೆ ಸಿಕ್ಕರೆ ಅದರ ಮೂರು ಪಟ್ಟಿನವರೆಗೂ ದಂಡ ಹಾಕಬಹುದು. ಆದ್ದರಿಂದ ನಿಮ್ಮ ಆ್ಯಪನ್ನು ಇವತ್ತೇ ತೆಗೆದುಹಾಕಿ; ಉಳಿದ ಮಾತನ್ನು ನಿಧಾನವಾಗಿ ಆಡೋಣ.

ಹರಿಹರದ ಹೊಳೆಸಾಲು

ಎರಡನೆಯ ಪ್ರಶ್ನೆ ನನ್ನ ಪಾಲಿಗೆ ಬಿಟ್ಟಿದ್ದಕ್ಕೆ ಸಂತೋಷ. ಮೂವರಿಗೆ ಕುಕ್ಕರಿನಲ್ಲಿ ಕೋಳಿ ಬಾತು ಸಾಕು; ಅನ್ನ ಬೇರೆ, ಸಾರು ಬೇರೆ, ಪಲ್ಯ ಬೇರೆ ಎಂಬ ಗೊಡವೆ ಇರುವುದಿಲ್ಲ.

ಅರ್ಧ ಕೆಜಿ ಕೋಳಿಯನ್ನು ಮೂಳೆಸಹಿತ ಮಧ್ಯಮ ಗಾತ್ರದ ತುಂಡುಗಳಾಗಿ ಕತ್ತರಿಸಿಕೊಡಲು ಅಂಗಡಿಯವನಿಗೇ ಹೇಳಿ. ಮೂಳೆಯಿಲ್ಲದ ಮಾಂಸ ಕುಕ್ಕರಿನಲ್ಲಿ ಹತ್ತಿಯಂತಾಗುತ್ತದೆ, ಬಾತಿಗೆ ಸತ್ವವೂ ಇಳಿಯುವುದಿಲ್ಲ. ಮನೆಗೆ ಬಂದ ಕೂಡಲೇ ಅರ್ಧ ಲೋಟ ಗಟ್ಟಿ ಮೊಸರು, ಅರ್ಧ ಚಮಚ ಅರಿಶಿನ, ಒಂದು ಚಮಚ ಉಪ್ಪು, ಎರಡು ಚಮಚ ಬ್ಯಾಡಗಿ ಮೆಣಸಿನ ಪುಡಿ ಹಾಕಿ ಕಲಸಿಟ್ಟುಬಿಡಿ. ಎರಡು ಲೋಟ ಸೋನಾ ಮಸೂರಿ ಅಕ್ಕಿಯನ್ನು ತೊಳೆದು ನೆನೆಹಾಕಿ. ನೀವು ಕೈಕಾಲು ತೊಳೆದು ಬರುವ ಇಪ್ಪತ್ತು ನಿಮಿಷ ಇವೆರಡಕ್ಕೂ ಸಾಕು. ಕಲಸುವ ಮುಂಚೆ ಹಸಿ ಮಾಂಸವನ್ನು ನಲ್ಲಿಯ ಕೆಳಗೆ ಜೋರಾಗಿ ತೊಳೆಯಬೇಡಿ, ನೀರು ಸಿಡಿದು ಪಕ್ಕದಲ್ಲಿರುವ ತಟ್ಟೆ ಲೋಟಗಳಿಗೆಲ್ಲ ಹಾರುತ್ತದೆ. ಪಾತ್ರೆಯಲ್ಲಿ ನೀರು ಹಾಕಿ ಮೆಲ್ಲಗೆ ತೊಳೆದು ಚೆಲ್ಲಿ.

ಕುಕ್ಕರಿನಲ್ಲಿ ಮೂರು ಚಮಚ ಕಡಲೆಕಾಯಿ ಎಣ್ಣೆ ಕಾಯಿಸಿ. ಚಳ್ಳಕೆರೆಯ ಗಾಣದ ಎಣ್ಣೆ ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ತುಂಡು ಚಕ್ಕೆ, ನಾಲ್ಕು ಲವಂಗ, ಎರಡು ಏಲಕ್ಕಿ, ಒಂದು ಪಲಾವ್ ಎಲೆ ಹಾಕಿ, ಎಲೆಯ ಅಂಚು ಕಂದಿದ ಮೇಲೆ ಉದ್ದುದ್ದ ಹೆಚ್ಚಿದ ಎರಡು ಈರುಳ್ಳಿ ಹಾಕಿ. ನಿಜವಾದ ಅಡುಗೆ ಇರುವುದು ಇಲ್ಲಿಯೇ. ಈರುಳ್ಳಿ ಮೊದಲು ನೀರು ಬಿಟ್ಟು ಮೆತ್ತಗಾಗುತ್ತದೆ, ಆಮೇಲೆ ಅಂಚುಗಳು ಹೊಂಬಣ್ಣಕ್ಕೆ ತಿರುಗುತ್ತವೆ, ಆಮೇಲೆ ಇಡೀ ಈರುಳ್ಳಿ ಬೆಲ್ಲದ ಬಣ್ಣಕ್ಕೆ ಬರುತ್ತದೆ. ಹೊಸಬರು ಎರಡನೆಯ ಹಂತದಲ್ಲಿಯೇ ಅವಸರಪಟ್ಟು ಮುಂದಿನದನ್ನು ಸುರಿಯುತ್ತಾರೆ, ಆಗ ಬಾತು ಸಪ್ಪೆಯಾಗುತ್ತದೆ. ಹತ್ತು ನಿಮಿಷ ಬೇಕು, ಕೊಡಿ. ಬಳಿಕ ಒಂದೂವರೆ ಚಮಚ ಶುಂಠಿ–ಬೆಳ್ಳುಳ್ಳಿ ಜಜ್ಜಿದ್ದು, ಸೀಳಿದ ನಾಲ್ಕು ಹಸಿಮೆಣಸು, ಹಿಡಿ ಪುದೀನ, ಹೆಚ್ಚಿದ ಎರಡು ಟೊಮೆಟೊ. ಟೊಮೆಟೊ ಕರಗಿ ಎಣ್ಣೆ ಅಂಚಿಗೆ ಬಂದಾಗ ಕೋಳಿಯನ್ನು ಮೊಸರಿನ ಸಮೇತ ಹಾಕಿ, ದೊಡ್ಡ ಉರಿಯಲ್ಲಿ ಆರೇಳು ನಿಮಿಷ ಮಗುಚುತ್ತಿರಿ.

ನೆನೆದ ಅಕ್ಕಿಯನ್ನು ಬಸಿದು ಹಾಕಿ ಒಂದೇ ಒಂದು ಸುತ್ತು ತಿರುವಿ, ಮೂರು ಲೋಟ ಬಿಸಿನೀರು ಹಾಕಿ, ಉಪ್ಪು ನೋಡಿ, ಕೊತ್ತಂಬರಿ ಉದುರಿಸಿ ಮುಚ್ಚಿ. ಮಧ್ಯಮ ಉರಿಯಲ್ಲಿ ಎರಡು ಕೂಗು ಆದ ತಕ್ಷಣ ಒಲೆ ಆರಿಸಿ. ಕುಕ್ಕರು ತಾನಾಗಿ ಉಸಿರು ಬಿಡುವವರೆಗೂ ಮುಚ್ಚಳಕ್ಕೆ ಕೈ ಹಚ್ಚಬೇಡಿ. ಆ ಹದಿನೈದು ನಿಮಿಷವೇ ನಿಮ್ಮ ಓದಿನ ಹೊತ್ತು. ಜೊತೆಗೆ ಸೌತೆಕಾಯಿ ಮೊಸರು ಇದ್ದರೆ ಇನ್ನೇನೂ ಬೇಡ.

ವಿದ್ಯಾನಗರದ ಬಾಡಿಗೆದಾರ

ಇಬ್ಬರಿಗೂ ಧನ್ಯವಾದ. ಬುಧವಾರ ಮಾಡಿ ನೋಡುತ್ತೇನೆ. ಆದರೆ ಒಂದು ಸಂಶಯ ಉಳಿದಿದೆ. ಆ ಆ್ಯಪಿನಲ್ಲಿ ನನ್ನ ಸಹೋದ್ಯೋಗಿಯೊಬ್ಬರು 5,000 ರೂಪಾಯಿ ಹಾಕಿ ಒಂದೇ ವಾರದಲ್ಲಿ 6,200 ಹಿಂಪಡೆದಿದ್ದಾರೆ, ಹಣ ಅವರ ಬ್ಯಾಂಕಿಗೇ ಬಂದಿದೆ, ನಾನೇ ಸಂದೇಶ ನೋಡಿದ್ದೇನೆ. ಮೋಸವಾಗಿದ್ದರೆ ಹಣ ಹೇಗೆ ಬರುತ್ತಿತ್ತು?

ಕೋಟೆಯ ಕೆಳಗಿನ ಮನೆ

ನಾನು ಚಿತ್ರದುರ್ಗದವನು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಮ್ಮ ಸಹೋದ್ಯೋಗಿಯ 6,200 ರೂಪಾಯಿಯ ಮಾತು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ.

ನನಗೂ ಮೊದಲು ಬಂದಿತ್ತು. ಮೊಬೈಲಿನ ಒಂದು ಗುಂಪಿಗೆ ಯಾರೋ ಸೇರಿಸಿದರು. ದಿನಕ್ಕೆ ಎರಡು ಬಾರಿ ಯಾವ ಜೋಡಿ ಕೊಳ್ಳಬೇಕು, ಯಾವುದನ್ನು ಮಾರಬೇಕು ಎಂದು ಹೇಳುತ್ತಿದ್ದರು. ನಾಲ್ಕು ಸಾವಿರ ಹಾಕಿದೆ, ಐದು ಸಾವಿರದ ಒಂದುನೂರು ಹಿಂದೆ ಬಂದಿತು. ಹಳ್ಳಿಯಲ್ಲಿ ಮೀನು ಹಿಡಿಯುವವರು ಗಾಳಕ್ಕೆ ಹುಳು ಸಿಕ್ಕಿಸುವುದನ್ನು ಚಿಕ್ಕಂದಿನಿಂದ ನೋಡಿದವನು ನಾನು, ಆದರೂ ಅದು ಹುಳು ಎಂದು ಹೊಳೆಯಲಿಲ್ಲ. ಆಮೇಲೆ ಮೂರು ಕಂತಿನಲ್ಲಿ 1,80,000 ಹಾಕಿದೆ. ಪರದೆಯ ಮೇಲೆ ಅದು ನಾಲ್ಕು ಲಕ್ಷ ಎಂದು ಬೆಳೆಯಿತು. ರಾತ್ರಿ ಹನ್ನೊಂದಕ್ಕೆ ಹೆಂಡತಿಗೆ ತೋರಿಸಿ, ಮನೆಯ ಮುಂದಿನ ಶೀಟು ತೆಗೆಸಿ ಆರ್‌ಸಿಸಿ ಹಾಕಿಸೋಣ ಎಂದು ಮಾತಾಡಿಕೊಂಡೆವು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ಎಂದರೆ ಅದೇ.

ಹಿಂಪಡೆಯಲು ಹೋದಾಗ, ಲಾಭದ ಮೇಲೆ ಮೂವತ್ತು ಶೇಕಡಾ ತೆರಿಗೆಯನ್ನು ಮೊದಲು ಕಟ್ಟಬೇಕು ಎಂಬ ಸಂದೇಶ ಬಂದಿತು. ನಾನು ಒಂದು ಕ್ಷಣ ಅದನ್ನೂ ಕಟ್ಟಲು ಹೊರಟಿದ್ದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಭಾವಮೈದುನ ಕೇಳಿದ ಒಂದೇ ಪ್ರಶ್ನೆ ನನ್ನನ್ನು ತಡೆಯಿತು: “ತೆರಿಗೆ ಸರಕಾರಕ್ಕೆ ಹೋಗುತ್ತದೆಯೋ, ಯಾರೋ ಒಬ್ಬರ ಯುಪಿಐಗೆ ಹೋಗುತ್ತದೆಯೋ?” ಆಗ ಹಿಂದಿನ ಕಂತುಗಳನ್ನು ತೆಗೆದು ನೋಡಿದೆ. ಮೂರು ಕಂತು, ಮೂರು ಬೇರೆ ಬೇರೆ ಹೆಸರು: ಒಂದು ಹಾರ್ಡ್‌ವೇರ್ ಅಂಗಡಿ, ಒಬ್ಬ ವ್ಯಕ್ತಿ, ಇನ್ನೊಂದು ಟ್ರಾವೆಲ್ಸ್. ಡಾಲರ್ ಕೊಳ್ಳುವ ಹಣ ಹಾರ್ಡ್‌ವೇರ್ ಅಂಗಡಿಗೆ ಯಾಕೆ ಹೋಗಬೇಕು ಎಂದು ಲೆಕ್ಕ ಬರೆಯುವ ನೀವಾಗಿದ್ದರೆ ಮೊದಲ ದಿನವೇ ಕೇಳುತ್ತಿದ್ದಿರಿ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೆ, ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲಿನಲ್ಲಿ ದೂರು ದಾಖಲಿಸಿದೆ, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗೂ ಹೋದೆ. ಕೊನೆಯ ಕಂತಿನಲ್ಲಿ ಸ್ವಲ್ಪ ಹಣ ಯಾವುದೋ ಖಾತೆಯಲ್ಲಿ ತಡೆಹಿಡಿಯಲ್ಪಟ್ಟಿತು. ಮೊದಲ ಎರಡು ಕಂತು ಎಷ್ಟೋ ಕೈ ದಾಟಿ ಹೋಗಿದ್ದವು. ಈ ಸಂಖ್ಯೆಗೆ ಮೊದಲ ಒಂದೆರಡು ಗಂಟೆಯೊಳಗೆ ಕರೆ ಮಾಡಿದವರಿಗೆ ಉಳಿಯುವುದು ಹೆಚ್ಚು, ನಾನು ಮಾಡಿದ್ದು ಒಂಬತ್ತನೆಯ ದಿನ. ನಿಮ್ಮ ಸಹೋದ್ಯೋಗಿಗೆ ದಯವಿಟ್ಟು ಇವತ್ತೇ ಹೇಳಿ. ಅವರಿಗೆ ಬಂದ 1,200 ರೂಪಾಯಿ ಲಾಭವು ಬೇರೆ ಯಾರೋ ನನ್ನಂಥವನ ಕಂತಿನಿಂದ ಕೊಟ್ಟದ್ದು.

ಪಿಜೆ ಬಡಾವಣೆಯ ಹಳೆಯ ಟರ್ಮಿನಲ್

ಮೇಲಿನವರ ಕಷ್ಟಕ್ಕೆ ಮರುಗುತ್ತೇನೆ. ಆದರೆ ಕಳ್ಳ ಆ್ಯಪುಗಳ ಕಾರಣಕ್ಕೆ ಕರೆನ್ಸಿ ವಹಿವಾಟೇ ಕೆಟ್ಟದ್ದು ಎಂಬ ಭಾವನೆ ಹೊಸಬರಲ್ಲಿ ಉಳಿಯಬಾರದು. ನಾನು 2011ರಿಂದ ಷೇರುಪೇಟೆಯ ನಿಯಂತ್ರಕ ಸೆಬಿಯಲ್ಲಿ ನೋಂದಾಯಿಸಿಕೊಂಡ ಬ್ರೋಕರಿನ ಮೂಲಕ ಡಾಲರ್–ರೂಪಾಯಿ ಫ್ಯೂಚರ್ಸ್ ಮಾಡಿಕೊಂಡು ಬಂದವನು. ಬೆಳಿಗ್ಗೆ ಒಂಬತ್ತಕ್ಕೆ ತೆರೆದು ಸಂಜೆ ಐದಕ್ಕೆ ಮುಚ್ಚುವ ಮಾರುಕಟ್ಟೆ, ಇತ್ಯರ್ಥವೆಲ್ಲ ರೂಪಾಯಿಯಲ್ಲಿಯೇ. ಒಪ್ಪಂದದ ಕೊನೆಯ ದಿನ ನಮ್ಮ ಕೈಗೆ ಡಾಲರ್ ನೋಟು ಬರುವುದಿಲ್ಲ. 2018ರಿಂದ ಎಫ್‌ಬಿಐಎಲ್ ಎಂಬ ಸಂಸ್ಥೆ ಪ್ರಕಟಿಸುತ್ತಿರುವ ಉಲ್ಲೇಖ ದರಕ್ಕೆ, ಅಂದರೆ ಆ ದಿನದ ಅಧಿಕೃತ ದರಕ್ಕೆ, ವ್ಯತ್ಯಾಸವನ್ನು ಚುಕ್ತಾ ಮಾಡುತ್ತಾರೆ. ಕಂಪನಿಯ ಷೇರಿನಂತೆ ರಾತ್ರೋರಾತ್ರಿ ಅರ್ಧಕ್ಕೆ ಕುಸಿಯುವ ಭಯವೂ ಇದರಲ್ಲಿ ಕಡಿಮೆ, ಏಕೆಂದರೆ ರೂಪಾಯಿ ವಿಪರೀತ ಏರಿಳಿದಾಗ ಆರ್‌ಬಿಐ ತಾನೇ ಡಾಲರ್ ಮಾರಿಯೋ ಕೊಂಡೋ ಮಧ್ಯೆ ಬರುತ್ತದೆ.

ಹೊಸಬರು ದಿನವೂ ಗಮನಿಸಬೇಕಾದದ್ದು ಮೂರು ನಾಲ್ಕು ಸಂಗತಿ ಮಾತ್ರ: ಕಚ್ಚಾ ತೈಲದ ಬೆಲೆ, ಏಕೆಂದರೆ ನಾವು ಬಳಸುವ ಕಚ್ಚಾ ತೈಲದಲ್ಲಿ 85 ಶೇಕಡಾಕ್ಕೂ ಹೆಚ್ಚು ಆಮದು, ವಿದೇಶಿ ಹೂಡಿಕೆದಾರರು ನಮ್ಮ ಷೇರುಪೇಟೆಯಿಂದ ಹಣ ತೆಗೆಯುತ್ತಿದ್ದಾರೋ ಹಾಕುತ್ತಿದ್ದಾರೋ ಎಂಬುದು, ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿದರ, ಮತ್ತು ನಮ್ಮ ಆರ್‌ಬಿಐ. ಇಪ್ಪತ್ತು ಸಾವಿರದಲ್ಲಿ ಒಂದು ಲಾಟ್ ಧಾರಾಳವಾಗಿ ಆಡಬಹುದು. 10 ಕೋಟಿ ಡಾಲರಿನವರೆಗೆ ಯಾರೂ ಕಾಗದಪತ್ರ ಕೇಳುವುದಿಲ್ಲ.

ಮಂಡಿಪೇಟೆಯ ಲೆಕ್ಕಿಗ

ಕೊನೆಯ ವಾಕ್ಯವನ್ನು ನಾನು ಒಪ್ಪುವುದಿಲ್ಲ, ಮತ್ತು ಹೊಸಬರ ಮುಂದೆ ಅದನ್ನು ಹಾಗೆಯೇ ಬಿಡುವುದೂ ಸರಿಯಲ್ಲ.

2024ರ ಜನವರಿ 5ರ ಸುತ್ತೋಲೆಯಲ್ಲಿ ಆರ್‌ಬಿಐ ಹೇಳಿದ್ದನ್ನು ಪೂರ್ತಿ ಓದಬೇಕು. ರೂಪಾಯಿ ಇರುವ ಜೋಡಿಗಳಲ್ಲಿ ವಹಿವಾಟು ಮಾಡುವವರಿಗೆ ನಿಜವಾದ ವಿದೇಶಿ ವಿನಿಮಯದ ಬಾಧ್ಯತೆ, ಅಂದರೆ ಡಾಲರ್ ಏರಿದರೆ ಅಥವಾ ಇಳಿದರೆ ತಮಗೆ ತಟ್ಟುವಂತಹ ವ್ಯವಹಾರ, ಇರಲೇಬೇಕು. 10 ಕೋಟಿ ಡಾಲರಿನವರೆಗೆ ಅದರ ದಾಖಲೆಯನ್ನು ತೋರಿಸಬೇಕಾಗಿಲ್ಲ ಎಂದರೆ ಬಾಧ್ಯತೆಯೇ ಬೇಡ ಎಂದಲ್ಲ. ಹೆಲ್ಮೆಟ್ ಇದೆಯೇ ಎಂದು ಪೊಲೀಸರು ಕೇಳದಿದ್ದರೂ ನಿಯಮ ಇದ್ದೇ ಇರುತ್ತದೆ. ಏಪ್ರಿಲ್ 5ರಿಂದ ಜಾರಿಯಾಗಬೇಕಿದ್ದದ್ದು ಮೇ 3ಕ್ಕೆ ಮುಂದೆ ಹೋಯಿತು. ಆ ನಡುವೆ ಎಷ್ಟೋ ಬ್ರೋಕರುಗಳು ಗ್ರಾಹಕರಿಂದ ಬಾಧ್ಯತೆ ಇದೆ ಎಂಬ ಘೋಷಣೆ ಕೇಳಿದರು, ಇಲ್ಲದವರಿಗೆ ಇದ್ದ ಒಪ್ಪಂದಗಳನ್ನು ಮುಗಿಸಿಕೊಳ್ಳಲು ಹೇಳಿದರು. ಆ ಬಳಿಕ ವಹಿವಾಟಿನ ಗಾತ್ರ ಎಷ್ಟು ಕುಗ್ಗಿತೆಂದು ಹಳೆಯ ಟರ್ಮಿನಲ್ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ವಿದ್ಯಾನಗರದ ಬಾಡಿಗೆದಾರರಿಗೆ ಅಂತಹ ಬಾಧ್ಯತೆ ಇಲ್ಲ. ಮಗಳ ಜರ್ಮನಿಯ ಓದಿಗೆ ಮಾರ್ಚಿನಲ್ಲಿ ನಾಲ್ಕು ಸಾವಿರ ಯೂರೋ ಕಟ್ಟಬೇಕಾದ ತಂದೆಗೆ ಇದೆ. ಅವರು ಈಗಲೇ ನಾಲ್ಕು ಲಾಟ್ ಯೂರೋ–ರೂಪಾಯಿ ಕೊಂಡಿಟ್ಟರೆ, ಯೂರೋ ಏರಿ ಶುಲ್ಕ ಹೆಚ್ಚಾದಷ್ಟೂ ಫ್ಯೂಚರ್ಸಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಲಾಭ ಬಂದು ಸರಿದೂಗುತ್ತದೆ. ಈ ಸಾಧನವನ್ನು ಮಾಡಿದ್ದೇ ಅದಕ್ಕೆ. ಬರಿಯ ಊಹೆಯ ಮೇಲೆ ಆಡುವುದರ ಬಗ್ಗೆ ಒಂದು ಅಂಕಿ ಮಾತ್ರ ಹೇಳುತ್ತೇನೆ: ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ವ್ಯಕ್ತಿಗಳಲ್ಲಿ 93 ಶೇಕಡಾ ಜನ ಮೂರು ವರ್ಷಗಳಲ್ಲಿ ನಷ್ಟವನ್ನೇ ಕಂಡರೆಂದು ಸೆಬಿಯ 2024ರ ಅಧ್ಯಯನ ಹೇಳಿತು. ಅದು ಕರೆನ್ಸಿಯ ಲೆಕ್ಕವಲ್ಲ, ಆದರೆ ಆಡುವ ಮನುಷ್ಯರು ಅದೇ ಮನುಷ್ಯರು.

ಪಿಜೆ ಬಡಾವಣೆಯ ಹಳೆಯ ಟರ್ಮಿನಲ್

ಬಾಧ್ಯತೆಯ ಮಾತನ್ನು ಒಪ್ಪುತ್ತೇನೆ, ನಾನು ಅವಸರದಲ್ಲಿ ಬರೆದೆ. ತಮ್ಮನ ರಫ್ತಿನ ವ್ಯಾಪಾರದಲ್ಲಿ ನನಗೂ ಪಾಲಿರುವುದರಿಂದ ಘೋಷಣೆ ಕೊಟ್ಟಿದ್ದೇನೆ. ಹಾಗಿಲ್ಲದವರು ನಿಜವಾದ ಹಣ ಹಾಕದೆ ಕಾಗದದ ಮೇಲೆಯೇ ಕಲಿಯಲಿ.

ಎಪಿಎಂಸಿ ಯಾರ್ಡಿನ ತಕ್ಕಡಿ

ನೀವೆಲ್ಲ ಡಾಲರ್ ಒಂದು ಕಡೆ, ಕೋಳಿ ಇನ್ನೊಂದು ಕಡೆ ಎಂದು ಮಾತಾಡುತ್ತಿದ್ದೀರಿ. ನನ್ನ ತಕ್ಕಡಿಯಲ್ಲಿ ಅವೆರಡೂ ಒಂದೇ ತಟ್ಟೆಯಲ್ಲಿವೆ.

ಸುಗ್ಗಿಯಲ್ಲಿ ನಮ್ಮ ಯಾರ್ಡಿಗೆ ಬಂದು ನೋಡಿ. ಮೆಕ್ಕೆಜೋಳದ ರಾಶಿಗಳ ನಡುವೆ ಕಾಲಿಡಲು ಜಾಗವಿರುವುದಿಲ್ಲ. ವ್ಯಾಪಾರಿ ರಾಶಿಯೊಳಕ್ಕೆ ಮೊಣಕೈವರೆಗೆ ಕೈ ತೂರಿಸಿ ಒಳಗಿನ ಕಾಳು ತೆಗೆದು ಹಲ್ಲಿಗೆ ಕಚ್ಚಿ ನೋಡುತ್ತಾನೆ, ಕಟ್ ಎಂದರೆ ಒಣಗಿದೆ, ಮೆತ್ತಗೆ ಅಮುಕಿದರೆ ತೇವ ಇದೆ. ತೇವಾಂಶ 14 ಶೇಕಡಾ ದಾಟಿದರೆ ಬೆಲೆ ಕತ್ತರಿಸುತ್ತಾರೆ. ಆ ಜೋಳ ಎಲ್ಲಿಗೆ ಹೋಗುತ್ತದೆ? ಬಹುಪಾಲು ಕೋಳಿಯ ಮೇವಿಗೆ, ಸ್ವಲ್ಪ ಪಿಷ್ಟದ ಕಾರ್ಖಾನೆಗೆ, ಈಚೆಗೆ ಎಥೆನಾಲಿಗೂ. ಫಾರಂ ಕೋಳಿಯ ಮೇವಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳವೇ, ಉಳಿದದ್ದರಲ್ಲಿ ಮುಖ್ಯವಾದದ್ದು ಸೋಯಾ ಹಿಂಡಿ. ಐದಾರು ವಾರಗಳಲ್ಲಿ ಎರಡು ಕೆಜಿ ತೂಗುವ ಒಂದು ಕೋಳಿ ಮೂರೂವರೆ ಕೆಜಿಯಷ್ಟು ಮೇವು ತಿಂದಿರುತ್ತದೆ. ಬಾಡಿಗೆದಾರರ ಕುಕ್ಕರಿನಲ್ಲಿರುವ ಅರ್ಧ ಕೆಜಿ ಕೋಳಿಯ ಬೆನ್ನಿಗೆ ಜಗಳೂರಿನ ಯಾವುದೋ ಹೊಲದ ಜೋಳ ಇರಬಹುದು.

ಈಗ ಡಾಲರ್ ಎಲ್ಲಿ ಬಂತು? ನಮ್ಮ ಜೋಳ ಬಾಂಗ್ಲಾದೇಶ, ವಿಯೆಟ್ನಾಂ, ಮಲೇಷ್ಯಾಗಳಿಗೆ ಹೋಗುವುದಿದೆ. ಅಲ್ಲಿಯ ಕೊಳ್ಳುಗ ಡಾಲರಿನಲ್ಲಿ ಬೆಲೆ ಹೇಳುತ್ತಾನೆ. ಟನ್ನಿಗೆ 250 ಡಾಲರ್ ಎಂದು ಲೆಕ್ಕಕ್ಕೆ ಹಿಡಿಯಿರಿ. ಡಾಲರಿಗೆ 80 ರೂಪಾಯಿ ಇದ್ದಾಗ ಅದು ಕ್ವಿಂಟಲಿಗೆ 2,000, ಡಾಲರ್ 88 ಆದರೆ 2,200. ಹಡಗಿನ ಬಾಡಿಗೆ, ಲಾರಿ, ದಲ್ಲಾಳಿ ಎಲ್ಲ ಕಳೆದರೂ ರಫ್ತು ಮಾಡುವವನ ಕೈ ಸ್ವಲ್ಪ ಬಿಗಿ ಸಡಿಲಿಸುತ್ತದೆ, ಮೇವಿನ ಗಿರಣಿಯವನೂ ಅದಕ್ಕೆ ಸರಿಯಾಗಿ ಕೊಡಬೇಕಾಗುತ್ತದೆ. ಲೋಕದಲ್ಲಿ ಜೋಳವೇ ಅಗ್ಗವಾದಾಗ ಈ ಲೆಕ್ಕ ತಲೆಕೆಳಗಾಗುತ್ತದೆ ಎಂಬುದೂ ನಿಜ. 2025–26ಕ್ಕೆ ಬೆಂಬಲ ಬೆಲೆ ಕ್ವಿಂಟಲಿಗೆ 2,400 ಎಂದು ಘೋಷಿಸಿದ್ದರೂ ಅದಕ್ಕಿಂತ ಎಷ್ಟೋ ಕೆಳಗೆ ಮಾರಿದ ರೈತರನ್ನು ನಾನು ಇದೇ ಯಾರ್ಡಿನಲ್ಲಿ ಕಂಡಿದ್ದೇನೆ. ಅಡುಗೆ ಎಣ್ಣೆಯ ಕಡೆಯಿಂದಲೂ ನೋಡಬಹುದು: ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚು ಆಮದು, ಅದೂ ಡಾಲರಿನಲ್ಲಿಯೇ. ತಾಳೆ ಎಣ್ಣೆ ಏರಿದರೆ ಚಳ್ಳಕೆರೆಯ ಕಡಲೆಕಾಯಿ ಎಣ್ಣೆ ಸುಮ್ಮನೆ ಕೂರುವುದಿಲ್ಲ.

ಆದ್ದರಿಂದ ಕಲಿಯುವವರು ಪರದೆಯ ಮೇಲಿನ ಗೆರೆಯನ್ನೇ ನೋಡುತ್ತ ಕೂರುವುದಕ್ಕಿಂತ, ಒಂದು ಪುಸ್ತಕದಲ್ಲಿ ಪ್ರತಿದಿನ ಮೂರು ದರ ಬರೆಯಲಿ: ಡಾಲರ್, ಮೆಕ್ಕೆಜೋಳ, ಕೋಳಿ. ಮೂರು ತಿಂಗಳಲ್ಲಿ ಯಾವುದು ಯಾವುದರ ಹಿಂದೆ ಎಷ್ಟು ದಿನ ತಡವಾಗಿ ಹೋಗುತ್ತದೆ ಎಂದು ಕಾಣತೊಡಗುತ್ತದೆ. ಶ್ರಾವಣದಲ್ಲಿ ಮಾತ್ರ ಕೋಳಿಯ ದರ ಯಾವ ಡಾಲರಿನ ಮಾತನ್ನೂ ಕೇಳುವುದಿಲ್ಲ.

ಕೋಟೆಯ ಕೆಳಗಿನ ಮನೆ

ತಕ್ಕಡಿಯವರ ಮಾತು ಓದಿ ನಮ್ಮ ಮನೆಯ ಒಂದು ಪದ್ಧತಿ ನೆನಪಾಯಿತು. ಅಕ್ಕಿಯ ಬದಲು ಬಿಳಿಜೋಳದ ನುಚ್ಚಿನಲ್ಲಿಯೂ ಇದೇ ಬಾತು ಮಾಡುತ್ತೇವೆ. ನುಚ್ಚನ್ನು ಒಂದು ಗಂಟೆ ನೆನೆಸಿ, ಒಂದು ಲೋಟಕ್ಕೆ ಮೂರು ಲೋಟ ನೀರು ಹಾಕಿ, ನಾಲ್ಕು ಕೂಗು ಕೂಗಿಸಬೇಕು. ಬಿಡಿಬಿಡಿಯಾಗಿ ಬರುವುದಿಲ್ಲ, ಪೊಂಗಲಿನಂತೆ ತಟ್ಟೆಯಲ್ಲಿ ಹರಡಿಕೊಳ್ಳುತ್ತದೆ. ಮೇಲೆ ನಿಂಬೆಹಣ್ಣು ಹಿಂಡಿದರೆ ಚಳಿಗಾಲಕ್ಕೆ ಬಹಳ ಹಿತ.

ಹರಿಹರದ ಹೊಳೆಸಾಲು

ನುಚ್ಚಿಗೆ ನನ್ನ ಅಭ್ಯಂತರವಿಲ್ಲ, ಆದರೆ ಹೊಸಬರು ಮೊದಲು ಅಕ್ಕಿಯಲ್ಲಿ ಕೈ ಕುದುರಿಸಿಕೊಳ್ಳಲಿ. ನೀರಿನ ಅಳತೆಯ ಬಗ್ಗೆ ಒಂದು ತಿದ್ದುಪಡಿಯನ್ನೂ ಸೇರಿಸುತ್ತೇನೆ. ಮೂರು ಲೋಟ ಎಂದದ್ದು ವರ್ಷ ಹಳೆಯದಾದ ಅಕ್ಕಿಗೆ. ಭದ್ರಾ ಕಾಲುವೆಯ ಕಡೆಯ ಹೊಸ ಅಕ್ಕಿಯಾದರೆ ಅರ್ಧ ಲೋಟ ಕಡಿಮೆ ಮಾಡಿ, ಇಲ್ಲದಿದ್ದರೆ ಮುದ್ದೆಯಾಗುತ್ತದೆ.

ವಿದ್ಯಾನಗರದ ಬಾಡಿಗೆದಾರ

ಮೂರು ವಾರಗಳ ಮೇಲೆ ಬರೆಯುತ್ತಿದ್ದೇನೆ. ಆ್ಯಪನ್ನು ಅಂದೇ ತೆಗೆದೆ. ಸಹೋದ್ಯೋಗಿಗೆ ಕೋಟೆಯ ಕೆಳಗಿನ ಮನೆಯವರ ಬರಹವನ್ನು ಓದಿಸಿದೆ. ಅವರು ಎರಡು ದಿನ ನನ್ನೊಂದಿಗೆ ಮಾತು ಬಿಟ್ಟರು, ಮೂರನೆಯ ದಿನ ಇನ್ನೂ ಹದಿನೈದು ಸಾವಿರ ಹಾಕಲು ಬಂದ ಕರೆಯನ್ನು ಕತ್ತರಿಸಿದೆ ಎಂದು ಹೇಳಿದರು.

ಕಾಗದದ ಮೇಲಿನ ವಹಿವಾಟನ್ನು ಅಂಗಡಿಯ ಹಳೆಯ ಲೆಡ್ಜರಿನ ಖಾಲಿ ಹಾಳೆಗಳಲ್ಲಿ ಶುರುಮಾಡಿದೆ. ಕೊಂಡ ದರ, ಯಾಕೆ ಕೊಂಡೆ, ಎಷ್ಟು ಇಳಿದರೆ ಹೊರಬರುತ್ತೇನೆ, ಕೊನೆಗೆ ಏನಾಯಿತು ಎಂದು ನಾಲ್ಕು ಕಲಮು ಹಾಕಿದ್ದೇನೆ. ಮೂರು ವಾರದಲ್ಲಿ ಹನ್ನೊಂದು ವಹಿವಾಟು, ಪ್ರತಿಯೊಂದೂ ಒಂದು ಲಾಟ್. ಆರರಲ್ಲಿ ಗೆದ್ದೆ, ಐದರಲ್ಲಿ ಸೋತೆ. ಗೆದ್ದದ್ದು ಒಟ್ಟು 640 ರೂಪಾಯಿ, ಸೋತದ್ದು 905. ಹೆಚ್ಚು ಸಲ ಗೆದ್ದೂ 265 ರೂಪಾಯಿ ಕಳೆದುಕೊಂಡದ್ದು ಹೇಗೆಂದು ಕಲಮುಗಳನ್ನು ಮತ್ತೆ ಓದಿದಾಗ ನನ್ನ ಕೈಬರಹವೇ ಸಾಕ್ಷಿ ಹೇಳಿತು. ಏಳನೆಯ ವಹಿವಾಟಿನಲ್ಲಿ ಮೂರನೆಯ ಕಲಮಿನಲ್ಲಿ ಮೊದಲು “10 ಪೈಸೆ” ಎಂದು ಬರೆದಿದ್ದೆ. ಅದನ್ನು ಹೊಡೆದು “15” ಮಾಡಿದ್ದೆ, ಅದನ್ನೂ ಹೊಡೆದು “25” ಮಾಡಿದ್ದೆ. ಗೆಲ್ಲುವಾಗ ಹತ್ತು ಹನ್ನೆರಡು ಪೈಸೆಗೇ ಸಾಕೆಂದು ಹೊರಬಂದಿದ್ದೆ. ಆರ್ಡರಿಗೆ 20 ರೂಪಾಯಿ ಬ್ರೋಕರೇಜ್ ಎಂದು ಹಿಡಿದು ಇಪ್ಪತ್ತೆರಡು ಆರ್ಡರಿಗೆ 440 ಕೂಡಿಸಿದರೆ ನಷ್ಟ 705ಕ್ಕೆ ಮುಟ್ಟುತ್ತದೆ. ನಿಜವಾದ ಹಣ ಇದ್ದಿದ್ದರೆ ಆ ಕಲಮನ್ನು ಇನ್ನೆಷ್ಟು ಸಲ ಹೊಡೆಯುತ್ತಿದ್ದೆನೋ. ಇಪ್ಪತ್ತು ಸಾವಿರ ಬ್ಯಾಂಕಿನಲ್ಲಿಯೇ ಇದೆ. ತಕ್ಕಡಿಯವರ ಮೂರು ದರಗಳಿಗೆ ಐದನೆಯ ಕಲಮು ಹಾಕಿದ್ದೇನೆ. ಕೋಳಿಯ ದರವನ್ನು ಅಂಗಡಿಯವನೇ ನಗುತ್ತ ಬರೆಸುತ್ತಾನೆ.

ಬಾತನ್ನು ಇದುವರೆಗೆ ಆರು ಸಲ ಮಾಡಿದೆ. ಈರುಳ್ಳಿಗೆ ಹತ್ತು ನಿಮಿಷ ಕೊಟ್ಟ ದಿನಕ್ಕೂ ಐದೇ ನಿಮಿಷ ಕೊಟ್ಟ ದಿನಕ್ಕೂ ವ್ಯತ್ಯಾಸ ಜೊತೆಯವರಿಗೇ ಗೊತ್ತಾಗುತ್ತದೆ. ರುಚಿಯ ಬಗ್ಗೆ ದೂರಿಲ್ಲ, ಆದರೆ ಪ್ರತಿ ಸಲವೂ ತಳ ಸ್ವಲ್ಪ ಹತ್ತಿ ಕಪ್ಪಗಾಗುತ್ತಿದೆ. ಉರಿ ಮಧ್ಯಮವೇ ಇಡುತ್ತೇನೆ, ನೀರೂ ಹೇಳಿದಷ್ಟೇ. ತಪ್ಪು ಎಲ್ಲಿದೆ?

ಹರಿಹರದ ಹೊಳೆಸಾಲು

ಕೋಳಿ ಹುರಿದಾದ ಮೇಲೆ ತಳಕ್ಕೆ ಅಂಟಿಕೊಂಡ ಮಸಾಲೆಯನ್ನು ನೀವು ಕೆರೆಯುತ್ತಿಲ್ಲ ಎಂದು ಕಾಣುತ್ತದೆ. ಅಕ್ಕಿ ಹಾಕುವ ಮುಂಚೆ ಮೂರು ಲೋಟದಲ್ಲಿ ಅರ್ಧ ಲೋಟ ಬಿಸಿನೀರನ್ನು ಮೊದಲೇ ಹಾಕಿ, ಮರದ ಸೌಟಿನಿಂದ ತಳ ಹೊಳೆಯುವವರೆಗೂ ಉಜ್ಜಿ ಬಿಡಿಸಿ. ಆ ಕಂದು ಮಸಾಲೆಯಲ್ಲಿಯೇ ರುಚಿ ಇರುವುದು. ಕುಕ್ಕರಿನ ತಳ ತೆಳ್ಳಗಿದ್ದರೆ, ಮುಚ್ಚಳ ಹಾಕಿದ ಮೇಲೆ ಕೆಳಗೆ ಹಳೆಯ ರೊಟ್ಟಿ ಹಂಚನ್ನು ಇಟ್ಟು ಅದರ ಮೇಲೆ ಕುಕ್ಕರು ಇಡಿ. ಕೂಗು ಬರುವುದು ನಾಲ್ಕೈದು ನಿಮಿಷ ತಡವಾಗುತ್ತದೆ.

ವಿದ್ಯಾನಗರದ ಬಾಡಿಗೆದಾರ

ಹಂಚು ಕೆಳಗಿನ ಮನೆಯ ಅಜ್ಜಿಯ ಬಳಿ ಸಿಕ್ಕಿತು. ಈ ಭಾನುವಾರ ತಳ ಹತ್ತಲಿಲ್ಲ. ಒಂದು ತಟ್ಟೆ ಬಾತನ್ನು ಅಜ್ಜಿಗೆ ಕೊಡೋಣವೆಂದು ಹೋದರೆ ಅವರು ಸೋಮವಾರ, ಭಾನುವಾರ ಮಾಂಸ ಮುಟ್ಟುವುದಿಲ್ಲವಂತೆ. ಬುಧವಾರ ತೆಗೆದುಕೊಂಡು ಬಾ ಎಂದಿದ್ದಾರೆ.